ಮಗು ಓದಿನಲ್ಲಿ ಹಿಂದೆ ಬಿದ್ದಿದೆಯಾ? ಟ್ಯೂಷನ್‌ಗೆ ಸೇರಿಸುವ ಮುಂಚೆ ಇಷ್ಟು ಮಾಡಿ

"ಯಾವ ಟ್ಯೂಷನ್ ಒಳ್ಳೇದು ಹೇಳಿ." ಬೆಂಗಳೂರಿನ ಯಾವುದೇ ಬಡಾವಣೆಯ ಪೋಷಕರ ವಾಟ್ಸಾಪ್ ಗ್ರೂಪ್ ತೆಗೆದು ನೋಡಿ, ಮಾರ್ಕ್ಸ್ ಕಾರ್ಡ್ ಬಂದ ವಾರ ಈ ಪ್ರಶ್ನೆ ಇದ್ದೇ ಇರುತ್ತದೆ. ನನಗೂ ಓದುಗರು ಹೆಚ್ಚಾಗಿ ಕೇಳುವುದು ಇದನ್ನೇ. ಮೂರನೇ ಕ್ಲಾಸಿನ ಮಗಳಿಗೆ ಲೆಕ್ಕ ಹತ್ತುತ್ತಿಲ್ಲ, ಆರನೇ ಕ್ಲಾಸಿನ ಮಗ ಪಾಠ ಓದುತ್ತಾನೆ ಆದರೆ ಉತ್ತರ ಬರೆಯಲ್ಲ, ಎಂಟನೇ ಕ್ಲಾಸಿಗೆ ಬಂದ ಮೇಲೆ ಇದ್ದಕ್ಕಿದ್ದ ಹಾಗೆ ಮಾರ್ಕ್ಸ್ ಬಿದ್ದುಹೋಯ್ತು, ಎಲ್ಲಿಗೆ ಸೇರಿಸೋಣ?

ಸದ್ಯಕ್ಕೆ ಎಲ್ಲಿಗೂ ಬೇಡ. ಹಿಂದೆ ಬಿದ್ದ ಮಕ್ಕಳಲ್ಲಿ ಹೆಚ್ಚಿನವರು ಈ ವರ್ಷದ ಪಾಠದಲ್ಲಿ ಸಿಕ್ಕಿಕೊಂಡಿರುವುದಿಲ್ಲ. ಒಂದೆರಡು ಕ್ಲಾಸು ಕೆಳಗಿನ ಯಾವುದೋ ಒಂದು ಸಣ್ಣ ವಿಷಯ ಆಗ ಕೂತಿರುವುದಿಲ್ಲ, ಅದರ ಮೇಲೆ ಈಗಿನದನ್ನು ಹೇರುತ್ತಿರುತ್ತೇವೆ. ಟ್ಯೂಷನ್‌ನಲ್ಲೂ ಈ ವರ್ಷದ ಪಾಠವನ್ನೇ ಇನ್ನೊಂದು ಸಲ ಹೇಳುತ್ತಾರೆ. ಅರ್ಥವಾಗದ್ದನ್ನು ಎರಡು ಕಡೆ ಕೇಳಿದರೆ ಮಗುವಿಗೆ ಸುಸ್ತು ಜಾಸ್ತಿ ಆಗುತ್ತದೆ, ಅಷ್ಟೇ. ಹಾಗಾಗಿ ಮೊದಲು ಎಲ್ಲಿ ಸಿಕ್ಕಿಕೊಂಡಿದೆ ಅಂತ ಹುಡುಕಬೇಕು. ಅದನ್ನು ನೀವೇ ಮನೆಯಲ್ಲಿ, ಒಂದೆರಡು ಸಂಜೆಯಲ್ಲಿ ಮಾಡಬಹುದು.

ಈ ಬರಹ ಮುಖ್ಯವಾಗಿ ಒಂದರಿಂದ ಎಂಟನೇ ಕ್ಲಾಸಿನ ಮಕ್ಕಳ ಮನೆಯವರಿಗೆ. ಅಪ್ಪ ಅಮ್ಮನೇ ಆಗಬೇಕೆಂದಿಲ್ಲ, ಅಜ್ಜಿ, ತಾತ, ಪಿಯುಸಿ ಓದುತ್ತಿರುವ ಅಕ್ಕ ಯಾರಾದರೂ ಮಾಡಬಹುದು. ಸರ್ಕಾರಿ ಶಾಲೆ, ಖಾಸಗಿ ಶಾಲೆ, ಸ್ಟೇಟ್ ಸಿಲಬಸ್, ಸಿಬಿಎಸ್‌ಇ ಎಲ್ಲಕ್ಕೂ ಹೊಂದುತ್ತದೆ. ಹತ್ತನೇ ಕ್ಲಾಸಿನವರಿಗೆ ಕೊನೆಯಲ್ಲಿ ಬೇರೆಯಾಗಿ ಬರೆದಿದ್ದೇನೆ.

ಏನೇನು ಬೇಕು

ಒಂದು ಖಾಲಿ ನೋಟ್‌ಬುಕ್. ಮಗುವಿನ ಈ ವರ್ಷದ ಉತ್ತರ ಪತ್ರಿಕೆಗಳು ಮತ್ತು ಕ್ಲಾಸ್‌ವರ್ಕ್ ನೋಟ್ಸ್. ಒಂದು ಮತ್ತು ಎರಡು ಕ್ಲಾಸು ಕೆಳಗಿನ ಗಣಿತ ಹಾಗೂ ಭಾಷೆಯ ಪಠ್ಯಪುಸ್ತಕ. ಹಳೇ ಪುಸ್ತಕ ರದ್ದಿಗೆ ಹಾಕಿದ್ದೀರಾ? ಚಿಂತೆ ಬೇಡ, ಸ್ಟೇಟ್ ಸಿಲಬಸ್ ಪುಸ್ತಕಗಳೆಲ್ಲ ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪಿಡಿಎಫ್ ರೂಪದಲ್ಲಿ ಉಚಿತವಾಗಿ ಸಿಗುತ್ತವೆ. ದಿನಕ್ಕೆ ಅರ್ಧ ಗಂಟೆ ಬಿಡುವು, ಆ ಅರ್ಧ ಗಂಟೆ ಟಿವಿ ಬಂದ್. ಮತ್ತೆ ಒಂದು ನಿರ್ಧಾರ: ಆ ಹೊತ್ತಿನಲ್ಲಿ ಬೈಯುವುದಿಲ್ಲ ಅಂತ. ಇದು ಎಲ್ಲಕ್ಕಿಂತ ಕಷ್ಟ, ಗೊತ್ತು.

ಹಂತ 1: ಮೊದಲು ಕಣ್ಣು, ಕಿವಿ, ನಿದ್ದೆ

ಪುಸ್ತಕ ತೆಗೆಯುವ ಮುಂಚೆ ಇದನ್ನು ನೋಡಿಬಿಡಿ. ಬೋರ್ಡು ಸರಿಯಾಗಿ ಕಾಣದ ಮಗು "ಕಾಣಲ್ಲ" ಅಂತ ಹೇಳುವುದು ಕಡಿಮೆ, ಯಾಕೆಂದರೆ ಎಲ್ಲರಿಗೂ ಹಾಗೇ ಕಾಣುತ್ತದೆ ಅಂದುಕೊಂಡಿರುತ್ತದೆ. ಪಕ್ಕದವರ ನೋಟ್ಸ್ ನೋಡಿ ಬರೆದುಕೊಳ್ಳುವುದು, ಟಿವಿ ಹತ್ತಿರ ಹೋಗಿ ಕೂರುವುದು, ಕಣ್ಣು ಕಿರಿದು ಮಾಡಿ ನೋಡುವುದು ಇದ್ದರೆ ತಡ ಮಾಡಬೇಡಿ. ಕೆ.ಆರ್. ಮಾರ್ಕೆಟ್ ಹತ್ತಿರದ ಮಿಂಟೋ ಸರ್ಕಾರಿ ಕಣ್ಣಿನ ಆಸ್ಪತ್ರೆ ಇದೆ, ಇಲ್ಲದಿದ್ದರೆ ನಿಮ್ಮ ಏರಿಯಾದ ಕಣ್ಣಿನ ಡಾಕ್ಟರ್ ಸಾಕು. ಪದೇ ಪದೇ ಕಿವಿ ಸೋರುವ ಮಕ್ಕಳು, ಕರೆದರೆ ಎರಡನೇ ಸಲಕ್ಕೆ ತಿರುಗುವ ಮಕ್ಕಳು ಇದ್ದರೆ ಕಿವಿಯನ್ನೂ ತೋರಿಸಿ.

ನಿದ್ದೆ ನಮ್ಮ ಊರಿನ ದೊಡ್ಡ ಸಮಸ್ಯೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಅಂತ ನಿದ್ರಾ ತಜ್ಞರು ಹೇಳುತ್ತಾರೆ. ಟ್ರಾಫಿಕ್ ಕಾರಣಕ್ಕೆ ಸ್ಕೂಲ್ ಬಸ್ ಬೆಳಗ್ಗೆ 7ಕ್ಕೆ ಬರುತ್ತದೆ, ಅಂದರೆ 6ಕ್ಕೆ ಏಳಬೇಕು, ಅಂದರೆ ರಾತ್ರಿ 9ಕ್ಕೆ ಮಲಗಿರಬೇಕು. ಅಪ್ಪ ಆಫೀಸಿಂದ ಮನೆಗೆ ಬರುವುದೇ ಒಂಬತ್ತಕ್ಕೆ, ಊಟ ಹತ್ತಕ್ಕೆ ಅಂದಾಗ ಮಗು ಕ್ಲಾಸಿನಲ್ಲಿ ತೂಕಡಿಸದೆ ಇನ್ನೇನು ಮಾಡುತ್ತದೆ? ಮಗುವಿಗೆ ಬೇಗ ಊಟ ಹಾಕಿ ಮಲಗಿಸಿ. ಅಪ್ಪನ ಜೊತೆ ಮಾತು ಬೆಳಗ್ಗೆ ಆಗಲಿ.

ಹಾಜರಿಯನ್ನೂ ಒಮ್ಮೆ ನೋಡಿ. ಊರ ಹಬ್ಬ, ಮದುವೆ, ಜಾತ್ರೆ ಅಂತ ಒಂದೊಂದು ವಾರ ರಜೆ ಹಾಕಿಸಿರುತ್ತೇವೆ. ಭಿನ್ನರಾಶಿ ಹೇಳಿಕೊಟ್ಟ ವಾರವೇ ಮಗು ಊರಲ್ಲಿ ಇದ್ದಿದ್ದರೆ, ಸಿಕ್ಕಿಕೊಂಡ ಜಾಗ ಇಲ್ಲೇ ಗೊತ್ತಾಯ್ತು ಅಲ್ವಾ.

ಹಂತ 2: ಎಲ್ಲಿ ಸಿಕ್ಕಿಕೊಂಡಿದೆ, ಪತ್ತೆ ಮಾಡಿ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ, ಇಲ್ಲಿ ಅವಸರ ಬೇಡ.

ಓದುವುದರಿಂದ ಶುರು ಮಾಡಿ. ಪ್ರಥಮ್ ಸಂಸ್ಥೆ 2005ರಿಂದ ದೇಶದ ಹಳ್ಳಿಗಳಲ್ಲಿ ಅಸರ್ ಅನ್ನುವ ಸಮೀಕ್ಷೆ ನಡೆಸುತ್ತಿದೆ. ಅವರು ಮನೆಮನೆಗೆ ಹೋಗಿ ಮಕ್ಕಳ ಕೈಗೆ ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ಅಕ್ಷರಗಳು, ಸರಳ ಪದಗಳು, ಒಂದನೇ ಕ್ಲಾಸಿನ ಮಟ್ಟದ ಒಂದು ಪ್ಯಾರಾ, ಎರಡನೇ ಕ್ಲಾಸಿನ ಮಟ್ಟದ ಒಂದು ಪುಟ್ಟ ಕಥೆ ಇರುತ್ತದೆ, ಅಷ್ಟೇ. ಮಗು ಯಾವುದನ್ನು ಸಲೀಸಾಗಿ ಓದುತ್ತದೋ ಅದೇ ಅದರ ಮಟ್ಟ. ಇದೇ ರೀತಿಯನ್ನು ನೀವೂ ಮನೆಯಲ್ಲಿ ಅನುಸರಿಸಿ. ಕೆಳಗಿನ ಕ್ಲಾಸಿನ ಪುಸ್ತಕದಿಂದ ಮಗು ಹಿಂದೆ ನೋಡಿರದ ಒಂದು ಪುಟ ಆರಿಸಿ, ಗಟ್ಟಿಯಾಗಿ ಓದಿಸಿ.

ಗಮನಿಸಿ: ಈ ವರ್ಷದ ಪಾಠ ಓದಿಸಬೇಡಿ. ಎಷ್ಟೋ ಮಕ್ಕಳಿಗೆ ಪಾಠ ಬಾಯಿಪಾಠ ಆಗಿರುತ್ತದೆ. ಬೆರಳು ಸಾಲಿನ ಮೇಲೆ ಹೋಗುತ್ತಿರುತ್ತದೆ, ಬಾಯಿ ನೆನಪಿನಿಂದ ಹೇಳುತ್ತಿರುತ್ತದೆ, ನಮಗೆ ಓದುತ್ತಿದೆ ಅನಿಸುತ್ತದೆ. ಅನುಮಾನ ಬಂದರೆ ಮಧ್ಯದ ಒಂದು ಪದಕ್ಕೆ ಬೆರಳಿಟ್ಟು "ಇದೇನು?" ಅಂತ ಕೇಳಿ. ಗೊತ್ತಾಗಿಬಿಡುತ್ತದೆ.

ಕನ್ನಡ ಓದುವಾಗ ಎಲ್ಲಿ ತಡವರಿಸುತ್ತದೆ ನೋಡಿ. ಸಾಮಾನ್ಯವಾಗಿ ನಾಲ್ಕು ಜಾಗ. ಒಂದು, ಗುಣಿತಾಕ್ಷರ, ಅದರಲ್ಲೂ ಕೊ-ಕೋ, ಕೆ-ಕೇ ಥರದ ಹ್ರಸ್ವ ದೀರ್ಘ. ಎರಡು, ಒತ್ತಕ್ಷರ. "ಅಕ್ಕ", "ಅಪ್ಪ" ಸಲೀಸಾಗಿ ಬರುತ್ತದೆ, "ಪುಸ್ತಕ", "ಶಕ್ತಿ" ಬಂದಾಗ ನಿಂತುಬಿಡುತ್ತದೆ, ಯಾಕೆಂದರೆ ಅಲ್ಲಿ ಮೇಲಿನ ಅಕ್ಷರ ಬೇರೆ, ಕೆಳಗಿನ ಒತ್ತು ಬೇರೆ. ಮೂರು, ಅರ್ಕಾವತ್ತು. "ಸೂರ್ಯ", "ವರ್ಷ" ಬರೆಯುವಾಗ ಆ ಗುರುತು ಅಕ್ಷರದ ಆಚೆ ಬರುತ್ತದೆ, ಓದುವಾಗ ಮಾತ್ರ ಮೊದಲೇ ಉಚ್ಚರಿಸಬೇಕು. ಎಡದಿಂದ ಬಲಕ್ಕೆ ಪ್ರಾಮಾಣಿಕವಾಗಿ ಓದುವ ಮಗು "ಸೂಯರ" ಅಂತ ಓದುತ್ತದೆ. ಅದು ದಡ್ಡತನ ಅಲ್ಲ, ಯಾರೋ ಒಂದು ನಿಯಮ ಹೇಳಿಕೊಟ್ಟಿಲ್ಲ ಅಷ್ಟೇ. ನಾಲ್ಕು, ಎಲ್ಲ ಪದವನ್ನೂ ಸರಿಯಾಗಿ ಓದಿ ಏನು ಓದಿದೆ ಅಂತ ಹೇಳಲಾಗದಿರುವುದು. ಕಥೆ ಮುಗಿದ ಮೇಲೆ "ಏನಾಯ್ತು ಕಥೇಲಿ?" ಅಂತ ಕೇಳಿದರೆ ಪೆಚ್ಚಾಗಿ ನೋಡುತ್ತದೆ. ಈ ನಾಲ್ಕರಲ್ಲಿ ಯಾವುದು ಅನ್ನುವುದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಇಂಗ್ಲಿಷ್ ಪುಟವನ್ನೂ ಹೀಗೇ ಓದಿಸಿ. ಓದಿದ್ದನ್ನು ಕನ್ನಡದಲ್ಲೋ, ತೆಲುಗಲ್ಲೋ, ತಮಿಳಲ್ಲೋ, ಉರ್ದುವಿನಲ್ಲೋ, ನಿಮ್ಮ ಮನೆಮಾತು ಯಾವುದೋ ಅದರಲ್ಲಿ ಹೇಳಲು ಬಿಡಿ. ಮನೆಮಾತಿನಲ್ಲಿ ಸರಿಯಾಗಿ ಹೇಳಿದರೆ ಅರ್ಥ ಆಗಿದೆ, ಇಂಗ್ಲಿಷಿನಲ್ಲಿ ಬರೆಯಲು ಮಾತ್ರ ಬರುತ್ತಿಲ್ಲ ಅಂತಾಯ್ತು. ವಿಜ್ಞಾನದಲ್ಲಿ, ಸಮಾಜದಲ್ಲಿ ಕಡಿಮೆ ಮಾರ್ಕ್ಸ್ ಬರುವ ಎಷ್ಟೋ ಮಕ್ಕಳಿಗೆ ಆ ವಿಷಯ ಕಷ್ಟವಾಗಿರುವುದಿಲ್ಲ, ಪುಟ ಓದುವುದೇ ಕಷ್ಟ. ಅದನ್ನು ಬಿಟ್ಟು ವಿಜ್ಞಾನಕ್ಕೆ ಟ್ಯೂಷನ್ ಹಾಕಿದರೆ ದುಡ್ಡು ದಂಡ.

ಆಮೇಲೆ ಗಣಿತ. ಕೆಳಗಿನಿಂದ ಮೇಲಕ್ಕೆ ಹೀಗೆ ಕೇಳುತ್ತಾ ಹೋಗಿ: ಎರಡಂಕಿಯ ಸಂಖ್ಯೆ ಗುರುತಿಸುವುದು, ಸಂಖ್ಯೆ ಹೇಳಿದರೆ ಬರೆಯುವುದು, ಕೂಡುವುದು, ಕಳೆಯುವುದು, ಮಗ್ಗಿ, ಗುಣಿಸುವುದು, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವುದು. ಶಾಲೆಯಲ್ಲಿ ಯಾವ ಭಾಷೆಯಲ್ಲಿ ಸಂಖ್ಯೆ ಹೇಳುತ್ತಾರೋ ಅದೇ ಭಾಷೆಯಲ್ಲಿ ಕೇಳಿ. "ನಲವತ್ತೇಳು" ಅಂದರೆ ಕಣ್ಣು ಕಣ್ಣು ಬಿಡುವ ಮಗು "ಫಾರ್ಟಿ ಸೆವೆನ್" ಅಂದರೆ ಥಟ್ಟಂತ ಬರೆಯುತ್ತದೆ. ಇದು ನಮ್ಮ ಊರಿನ ಮಕ್ಕಳ ಹಣೆಬರಹ, ಅದರ ಬಗ್ಗೆ ಇನ್ನೊಮ್ಮೆ ಜಗಳ ಆಡೋಣ.

ಮೂರು ಪ್ರಶ್ನೆಗಳಿಂದ ಬಹಳ ವಿಷಯ ಗೊತ್ತಾಗುತ್ತದೆ.

ಮೊದಲನೆಯದು, "ಮುನ್ನೂರ ಐದು ಬರಿ". 3005 ಅಂತ ಬರೆದರೆ ಸ್ಥಾನಬೆಲೆ ಕೂತಿಲ್ಲ. ಸ್ಥಾನಬೆಲೆ ಅಂದರೆ ಬಿಡಿ, ಹತ್ತು, ನೂರು ಅಂತ ಅಂಕಿ ಕೂತ ಜಾಗಕ್ಕೆ ತಕ್ಕ ಹಾಗೆ ಅದರ ಬೆಲೆ ಬದಲಾಗುವುದು. ಇದು ಗೊತ್ತಿಲ್ಲದ ಮಗುವಿಗೆ ಮುಂದಿನ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ಎರಡನೆಯದು, 402ರಲ್ಲಿ 178 ಕಳೆಯಲು ಹೇಳಿ. ಸರಿ ಉತ್ತರ 224. ಆದರೆ ತಪ್ಪು ಉತ್ತರವನ್ನು ಸರಿಯಾಗಿ ನೋಡಿ, ಅದರಲ್ಲೇ ವಿಷಯ ಇರುವುದು. 376 ಅಂತ ಬಂದಿದೆಯಾ? ಹಾಗಾದರೆ ಮಗು ಪ್ರತಿ ಸಾಲಿನಲ್ಲೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆದಿದೆ, ಮೇಲಿರುವುದು ಯಾವುದು ಕೆಳಗಿರುವುದು ಯಾವುದು ಅಂತ ನೋಡಿಲ್ಲ. ದಶಕ ತೆಗೆದುಕೊಳ್ಳುವುದು, ಮಕ್ಕಳ ಭಾಷೆಯಲ್ಲಿ ಬಾರೋಯಿಂಗ್, ಅದಕ್ಕೆ ಗೊತ್ತೇ ಇಲ್ಲ. 234 ಅಂತ ಬಂದಿದೆಯಾ? ಇದು ಬೇರೆ ಮಗು. ಬಾರೋಯಿಂಗ್ ಗೊತ್ತು, ಮಧ್ಯೆ ಸೊನ್ನೆ ಇದ್ದಾಗ ನೂರರಿಂದ ತಂದ ಹತ್ತರಲ್ಲಿ ಒಂದನ್ನು ಬಿಡಿಗೆ ಕೊಟ್ಟಾಗಿದೆ ಅನ್ನುವುದು ಮರೆತಿದೆ. ಇಬ್ಬರಿಗೂ ಪತ್ರಿಕೆಯಲ್ಲಿ ಕೆಂಪು ಇಂಟು ಬೀಳುತ್ತದೆ, ಸಿಗುವುದು ಸೊನ್ನೆಯೇ. ಆದರೆ ಮೊದಲನೆಯವಳಿಗೆ ಎರಡು ವಾರದ ಕೆಲಸ ಇದೆ, ಎರಡನೆಯವನಿಗೆ ಒಂದು ಸಂಜೆ ಸಾಕು.

ಮೂರನೆಯದು ಐದನೇ ಕ್ಲಾಸಿನಿಂದ ಮೇಲಿನವರಿಗೆ. ಮೂರರಲ್ಲಿ ಒಂದು ಭಾಗ ದೊಡ್ಡದೋ, ನಾಲ್ಕರಲ್ಲಿ ಒಂದು ಭಾಗ ದೊಡ್ಡದೋ? ನಾಲ್ಕು ದೊಡ್ಡದು, ಹಾಗಾಗಿ ನಾಲ್ಕರಲ್ಲಿ ಒಂದು ಅನ್ನುವ ಮಕ್ಕಳು ಬಹಳ. 1/2ಕ್ಕೆ 1/3 ಕೂಡಿದರೆ 2/5 ಅಂತ ಬರೆಯುವವರೂ ಇವರೇ. ಎಂಟನೇ ಕ್ಲಾಸಿನಲ್ಲಿ ಬೀಜಗಣಿತ ಬರಲಿಲ್ಲ ಅಂತ ಬರುವ ದೂರುಗಳಲ್ಲಿ ಎಷ್ಟೋ ಇಲ್ಲಿಗೇ ಬಂದು ನಿಲ್ಲುತ್ತವೆ. ಒಂದು ಚಪಾತಿಯನ್ನು ಮೂರು ಮಾಡಿ, ಇನ್ನೊಂದನ್ನು ನಾಲ್ಕು ಮಾಡಿ ತಟ್ಟೆಗೆ ಹಾಕಿ. ತಿನ್ನುವ ವಿಷಯದಲ್ಲಿ ಯಾವ ಮಗುವೂ ತಪ್ಪು ಲೆಕ್ಕ ಮಾಡಲ್ಲ.

ಗಮನಿಸಿ: ಇದನ್ನು ಪರೀಕ್ಷೆ ಥರ ಮಾಡಬೇಡಿ. ತಪ್ಪು ಮಾಡಿದ ತಕ್ಷಣ ತಿದ್ದಬೇಡಿ. "ಹೇಗೆ ಮಾಡ್ದೆ, ನಂಗೂ ಹೇಳು" ಅಂತ ಕೇಳಿ, ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳಿ. ತಪ್ಪು ಹೇಗಾಯಿತು ಅಂತ ಮಗುವೇ ಹೇಳುತ್ತದೆ.

ಹಂತ 3: ಉತ್ತರ ಪತ್ರಿಕೆ ಓದಿ, ಮಾರ್ಕ್ಸ್ ಅಲ್ಲ

ಸ್ಟೇಟ್ ಸಿಲಬಸ್‌ನಲ್ಲಿ ವರ್ಷಕ್ಕೆ ನಾಲ್ಕು ಎಫ್‌ಎ, ಎರಡು ಎಸ್‌ಎ ಇರುತ್ತವೆ. ಎಫ್‌ಎ ಅಂದರೆ ರೂಪಣಾತ್ಮಕ ಮೌಲ್ಯಮಾಪನ: ಪಾಠ ನಡೆಯುತ್ತಿರುವಾಗಲೇ ಸಣ್ಣ ಟೆಸ್ಟು, ಚಟುವಟಿಕೆಗಳಿಂದ ಮಗು ಎಲ್ಲಿದೆ ಅಂತ ನೋಡುವುದು. ಎಸ್‌ಎ ಅಂದರೆ ಸಂಕಲನಾತ್ಮಕ ಮೌಲ್ಯಮಾಪನ: ಅರ್ಧ ವರ್ಷ ಮುಗಿದಾಗ ಬರುವ ದೊಡ್ಡ ಪರೀಕ್ಷೆ. ಎಫ್‌ಎ ಇರುವುದೇ ತಪ್ಪು ಬೇಗ ಗೊತ್ತಾಗಲಿ ಅಂತ. ನಾವು ಅದರ ಪತ್ರಿಕೆಗೆ ಸಹಿ ಹಾಕಿ ವಾಪಸ್ ಕಳಿಸಿಬಿಡುತ್ತೇವೆ.

ಪತ್ರಿಕೆ ಮನೆಗೆ ಬಂದ ದಿನ ಫೋಟೋ ತೆಗೆದಿಟ್ಟುಕೊಳ್ಳಿ. ಪ್ರತಿ ತಪ್ಪಿನ ಪಕ್ಕದಲ್ಲಿ ಒಂದು ಮಾತು ಬರೆಯಿರಿ: ಗೊತ್ತಿರಲಿಲ್ಲ, ಗೊತ್ತಿತ್ತು ಮರೆಯಿತು, ಪ್ರಶ್ನೆ ಅರ್ಥವಾಗಲಿಲ್ಲ, ಸಮಯ ಸಾಲಲಿಲ್ಲ, ಗಡಿಬಿಡಿ. ಯಾವುದು ಜಾಸ್ತಿ ಇದೆಯೋ ನೋಡಿ. ಸಮಯ ಸಾಲದ ಮಗುವಿಗೆ ಬರವಣಿಗೆಯ ವೇಗ ಬೇಕು, ಪಾಠ ಮತ್ತೆ ಹೇಳಿಕೊಟ್ಟು ಏನು ಪ್ರಯೋಜನ?

ಹಂತ 4: ಟೀಚರ್ ಜೊತೆ ಮಾತಾಡಿ

ಪೇರೆಂಟ್ಸ್ ಮೀಟಿಂಗ್ ದಿನ ಟೀಚರ್ ಮುಂದೆ ಉದ್ದದ ಕ್ಯೂ, ಒಬ್ಬೊಬ್ಬರಿಗೆ ಐದು ನಿಮಿಷ. "ಹೇಗೆ ಓದ್ತಾಳೆ ಮಿಸ್?" ಅಂದರೆ "ಸ್ವಲ್ಪ ಗಮನ ಕಡಿಮೆ, ಮನೇಲಿ ಓದಿಸಿ" ಅನ್ನುವ ಉತ್ತರ ಬರುತ್ತದೆ, ನೀವು ಮನೆಗೆ ಬಂದು ಮಗುವಿಗೆ ಬೈಯುತ್ತೀರಿ. ಇದರಿಂದ ಯಾರಿಗೂ ಲಾಭವಿಲ್ಲ.

ಹಂತ 2ರ ನೋಟ್‌ಬುಕ್ ತೆಗೆದುಕೊಂಡು ಹೋಗಿ. ಹೀಗೆ ಕೇಳಿ ನೋಡಿ: "ಮಿಸ್, ಇವಳಿಗೆ ಭಾಗಾಕಾರದ ಹೆಜ್ಜೆ ಗೊತ್ತಿದೆ, ಮಧ್ಯದಲ್ಲಿ ಕಳೆಯೋವಾಗ ತಪ್ಪಾಗ್ತಿದೆ. ಎರಡು ವಾರ ಮನೇಲಿ ಬರೀ ಕಳೆಯೋದು ಮಾಡಿಸ್ತೀನಿ. ಕ್ಲಾಸಲ್ಲಿ ಹೇಗೆ ಹೇಳಿಕೊಡ್ತೀರ ತೋರಿಸ್ತೀರಾ, ನಾನೂ ಹಾಗೇ ಮಾಡಿಸ್ತೀನಿ." ಇಷ್ಟು ಕೆಲಸ ಮಾಡಿಕೊಂಡು ಬಂದ ಪೋಷಕರಿಗೆ ಟೀಚರ್ ಇನ್ನೂ ಐದು ನಿಮಿಷ ಜಾಸ್ತಿ ಕೊಡುತ್ತಾರೆ. ಶಾಲೆಯಲ್ಲಿ ಒಂದು ಥರ, ಮನೆಯಲ್ಲಿ ನೀವು ಕಲಿತ ಹಳೇ ಕಾಲದ ಇನ್ನೊಂದು ಥರ ಹೇಳಿಕೊಟ್ಟರೆ ಮಗು ಎರಡನ್ನೂ ಕಲಸಿಕೊಳ್ಳುತ್ತದೆ, ಅದಕ್ಕೇ ಕೇಳಬೇಕು. ಮಗು ಎಲ್ಲಿ ಕೂರುತ್ತದೆ, ಪ್ರಶ್ನೆ ಕೇಳುತ್ತದಾ, ಯಾರ ಜೊತೆ ಇರುತ್ತದೆ ಅನ್ನುವುದನ್ನೂ ಕೇಳಿ. ಓದಿನ ಸಮಸ್ಯೆ ಅಂದುಕೊಂಡದ್ದು ಕೆಲವು ಸಲ ಪಕ್ಕದ ಬೆಂಚಿನವನ ಕಾಟ ಆಗಿರುತ್ತದೆ.

ಕಾನೂನು ಏನು ಹೇಳುತ್ತದೆ ಅಂತ ಗೊತ್ತಿರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆ, ನಾವೆಲ್ಲ ಆರ್‌ಟಿಇ ಅನ್ನುವುದು, ಅದರ 24ನೇ ಸೆಕ್ಷನ್ ಪ್ರಕಾರ ಪ್ರತಿ ಮಗುವಿನ ಕಲಿಕೆಯ ಮಟ್ಟ ನೋಡಿ ಬೇಕಿದ್ದರೆ ಹೆಚ್ಚುವರಿಯಾಗಿ ಹೇಳಿಕೊಡುವುದು ಮತ್ತು ಪೋಷಕರ ಜೊತೆ ನಿಯಮಿತವಾಗಿ ಸಭೆ ನಡೆಸುವುದು ಶಿಕ್ಷಕರ ಕರ್ತವ್ಯ. 28ನೇ ಸೆಕ್ಷನ್ ಪ್ರಕಾರ ಶಿಕ್ಷಕರು ಖಾಸಗಿ ಟ್ಯೂಷನ್ ನಡೆಸುವಂತಿಲ್ಲ. "ಸಂಜೆ ನನ್ನ ಹತ್ರನೇ ಟ್ಯೂಷನ್‌ಗೆ ಕಳಿಸಿ" ಅಂತ ಯಾರಾದರೂ ಅಂದರೆ ನಯವಾಗಿ ಬೇಡ ಅನ್ನಬಹುದು. ಆದರೆ ಮೊದಲನೇ ಭೇಟಿಯಲ್ಲೇ ಸೆಕ್ಷನ್ ನಂಬರ್ ತೆಗೆಯಬೇಡಿ, ಮಾತು ಅಲ್ಲಿಗೇ ನಿಂತುಹೋಗುತ್ತದೆ. ಟೀಚರ್ ಹತ್ತಿರ ಕೆಲಸ ಆಗದಿದ್ದರೆ ಹೆಡ್‌ಮಾಸ್ಟರ್. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ ಇದೆ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಅದರಲ್ಲಿ ಇರುವವರು ನಿಮ್ಮಂಥ ಪೋಷಕರೇ, ಅಲ್ಲಿ ಮಾತೆತ್ತಿ. ಅದಕ್ಕೂ ಮೇಲೆ ಬಿಇಒ, ಕ್ಷೇತ್ರ ಶಿಕ್ಷಣಾಧಿಕಾರಿ.

ಹಂತ 5: ದಿನಕ್ಕೆ ಅರ್ಧ ಗಂಟೆ, ಒಂದೇ ವಿಷಯ

ಪಟ್ಟಿಯಲ್ಲಿ ಐದು ವಿಷಯ ಇದ್ದರೂ ಒಂದನ್ನೇ ಹಿಡಿಯಿರಿ, ಎಲ್ಲಕ್ಕಿಂತ ಕೆಳಗಿನದನ್ನು. ಮೊದಲ ಐದು ನಿಮಿಷ ನಿನ್ನೆಯದನ್ನು ಪುಸ್ತಕ ಮುಚ್ಚಿ ಹೇಳಿಸಿ ಅಥವಾ ಬರೆಸಿ. ಆಮೇಲೆ ಹದಿನೈದು ನಿಮಿಷ ಇವತ್ತಿನ ಅಭ್ಯಾಸ, ಲೆಕ್ಕವಾದರೆ ಆರೆಂಟು ಸಾಕು. ಉಳಿದ ಹತ್ತು ನಿಮಿಷ ಮಗುವಿಗೆ ಇಷ್ಟವಾದ ಯಾವುದಾದರೂ ಕಥೆ ಪುಸ್ತಕ ಗಟ್ಟಿಯಾಗಿ ಓದುವುದು, ಒಂದು ಪುಟ ನೀವು, ಒಂದು ಪುಟ ಅದು.

ಪುಸ್ತಕ ಮುಚ್ಚಿ ಹೇಳಿಸುವುದನ್ನು ಮಾತ್ರ ಬಿಡಬೇಡಿ. ಅದೇ ಪುಟವನ್ನು ಹತ್ತು ಸಲ ಓದಿದರೆ ಗೊತ್ತಿದೆ ಅನ್ನುವ ಭಾವನೆ ಬರುತ್ತದೆ, ಪರೀಕ್ಷೆ ಹಾಲಿನಲ್ಲಿ ಏನೂ ನೆನಪಾಗುವುದಿಲ್ಲ. ನೆನಪಿನಿಂದ ಹೊರಗೆ ತೆಗೆಯುವ ಕಷ್ಟವೇ ಕಲಿಕೆಯನ್ನು ಗಟ್ಟಿ ಮಾಡುವುದು. ಹಾಗೇ ಇವತ್ತು ಕಲಿತದ್ದನ್ನು ನಾಳಿದ್ದು ಒಮ್ಮೆ, ಮುಂದಿನ ವಾರ ಒಮ್ಮೆ, ಮುಂದಿನ ತಿಂಗಳು ಒಮ್ಮೆ ಕೇಳಿ. ಬಿಡುವು ಕೊಟ್ಟು ಮತ್ತೆ ಕೇಳಿದರೆ ಮರೆವು ಕಡಿಮೆ ಅಂತ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿಕೊಂಡು ಬರೆದಿದ್ದ. ನಾವು ಇನ್ನೂ ಪರೀಕ್ಷೆಯ ಹಿಂದಿನ ರಾತ್ರಿ ಹನ್ನೆರಡರ ತನಕ ಕೂರಿಸುತ್ತೇವೆ.

"ನಂಗೆ ಓದೋಕೆ ಬರಲ್ಲ, ನಾನೇನು ಹೇಳಿಕೊಡಲಿ?" ಅಂತ ಕೇಳುವವರಿದ್ದಾರೆ. ನೀವು ಹೇಳಿಕೊಡಬೇಕಾಗಿಲ್ಲ. ಅಡುಗೆ ಮಾಡುತ್ತಾ "ಇವತ್ತು ಸ್ಕೂಲಲ್ಲಿ ಏನು ಹೇಳಿಕೊಟ್ರು, ನಂಗೆ ಹೇಳು" ಅನ್ನಿ. ಮಗು ಟೀಚರ್, ನೀವು ವಿದ್ಯಾರ್ಥಿ. "ಯಾಕೆ?" "ಅದು ಹೇಗೆ?" ಅಂತ ಕೇಳುತ್ತಾ ಇರಿ. ಎಲ್ಲಿ ಹೇಳಲು ತಡವರಿಸುತ್ತದೋ ಅಲ್ಲಿ ಅರ್ಥವಾಗಿಲ್ಲ, ಅದನ್ನು ನಾಳೆ ಟೀಚರಿಗೆ ಕೇಳಲು ಹೇಳಿ. ಅಂಗಡಿಯಲ್ಲಿ ಚಿಲ್ಲರೆ ಲೆಕ್ಕ ಮಗುವೇ ಮಾಡಲಿ, ಬಸ್ಸಿನಲ್ಲಿ ಬೋರ್ಡು ಮಗುವೇ ಓದಲಿ.

ಇಲ್ಲಿ ಎಡವುವುದು ಹೀಗೆ. ಪ್ರಾಜೆಕ್ಟ್ ಅಂತ ಶಾಲೆಯಲ್ಲಿ ಹೇಳಿದರೆ ಸ್ಟೇಷನರಿ ಅಂಗಡಿಯಿಂದ ಚಾರ್ಟು, ಥರ್ಮಾಕೋಲು ತಂದು ಅಮ್ಮನೇ ರಾತ್ರಿ ಕೂತು ಅಂಟಿಸುವುದು. ಅಮ್ಮನಿಗೆ ಎ ಪ್ಲಸ್ ಬರುತ್ತದೆ, ಸಂತೋಷ. ಅಕ್ಕಪಕ್ಕದ ಮನೆಯ ಮಗುವಿನ ಜೊತೆ ಹೋಲಿಸುವುದು. ತಮಗೆ ಇಂಗ್ಲಿಷ್ ಅಷ್ಟಾಗಿ ಬರದಿದ್ದರೂ ಮನೆಯಲ್ಲಿ ಇಂಗ್ಲಿಷೇ ಮಾತಾಡಬೇಕು ಅಂತ ಹಟ ಹಿಡಿದು ಮಗುವಿನ ಜೊತೆ ಮಾತೇ ಕಡಿಮೆ ಮಾಡುವುದು. ನಿಮಗೆ ಚೆನ್ನಾಗಿ ಬರುವ ಭಾಷೆಯಲ್ಲಿ ಜಾಸ್ತಿ ಮಾತಾಡಿ, ಕಥೆ ಹೇಳಿ, ವಾದ ಮಾಡಿ. ಒಂದು ಭಾಷೆಯಲ್ಲಿ ಯೋಚಿಸಲು ಬಂದ ಮಗುವಿಗೆ ಎರಡನೆಯದರಲ್ಲಿ ಕಷ್ಟ ಕಡಿಮೆ.

ಹಂತ 6: ಪುಸ್ತಕ, ಆ್ಯಪು, ಲೈಬ್ರರಿ

ದುಡ್ಡು ಕೊಡದೇ ಸಿಗುವುದೇ ಬೇಕಾದಷ್ಟಿದೆ. ಬೆಂಗಳೂರಿನದೇ ಆದ ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆ ಪುಸ್ತಕಗಳು ಉಚಿತ. ಓದಿನ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತ ಮಾಡಿದ್ದಾರೆ, ಮಗುವಿನ ಕ್ಲಾಸು ಮರೆತು ಅದರ ಮಟ್ಟದ್ದನ್ನು ಆರಿಸಿ. ಗಣಿತಕ್ಕೆ ನಮ್ಮ ಊರಿನದೇ ಅಕ್ಷರ ಫೌಂಡೇಷನ್‌ನ ಬಿಲ್ಡಿಂಗ್ ಬ್ಲಾಕ್ಸ್ ಆ್ಯಪ್ ಇದೆ, ಅದೂ ಉಚಿತ, ಕನ್ನಡದಲ್ಲೂ ಇದೆ. ಸರ್ಕಾರಿ ಪಠ್ಯಪುಸ್ತಕದ ಪಾಠಗಳಲ್ಲಿ ಚೌಕಾಕಾರದ ಕ್ಯೂಆರ್ ಕೋಡ್ ಕಂಡರೆ ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ, ಆ ಪಾಠಕ್ಕೆ ಸಂಬಂಧಿಸಿದ ವೀಡಿಯೊ, ಅಭ್ಯಾಸ ಸಿಗುತ್ತವೆ.

ಒಂದು ಎಚ್ಚರಿಕೆ. ಆ್ಯಪ್ ಹಾಕಿಕೊಟ್ಟು ಫೋನ್ ಕೈಗಿಟ್ಟು ನೀವು ಎದ್ದು ಹೋದರೆ ಐದನೇ ನಿಮಿಷಕ್ಕೆ ರೀಲ್ಸ್ ಶುರುವಾಗಿರುತ್ತದೆ. ಪಕ್ಕದಲ್ಲಿ ಕೂರಲು ಆಗದ ದಿನ ಕಾಗದದ ಪುಸ್ತಕವೇ ಸರಿ. ಬಡಾವಣೆಗಳಲ್ಲಿ ಸಾರ್ವಜನಿಕ ಗ್ರಂಥಾಲಯದ ಶಾಖೆಗಳಿವೆ, ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯ ಇದೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲೇ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ. ಸನ್ನೆ, ರಾಟೆ, ವಿದ್ಯುತ್ತು ಅಂತ ಪುಸ್ತಕದಲ್ಲಿ ಓದಿದ್ದನ್ನು ಕೈಯಲ್ಲಿ ತಿರುಗಿಸಿ ನೋಡಬಹುದು. ಮಾಲ್‌ಗೆ ಹೋಗುವ ಭಾನುವಾರಗಳಲ್ಲಿ ಒಂದನ್ನು ಇದಕ್ಕೆ ಕೊಡಿ.

ಹಂತ 7: ಆರು ವಾರ ಬಿಟ್ಟು ಮತ್ತೆ ನೋಡಿ, ಆಮೇಲೆ ಟ್ಯೂಷನ್ ಮಾತು

ಹಂತ 2ರಲ್ಲಿ ಕೇಳಿದ್ದನ್ನೇ ಬೇರೆ ಪುಟ, ಬೇರೆ ಸಂಖ್ಯೆ ಇಟ್ಟುಕೊಂಡು ಮತ್ತೆ ಕೇಳಿ. ಹಳೇ ಪುಟದ ಪಕ್ಕ ಇಟ್ಟು ಮಗುವಿಗೇ ತೋರಿಸಿ. ಶಾಲೆಯ ಮಾರ್ಕ್ಸ್ ತಕ್ಷಣ ಏರುವುದಿಲ್ಲ, ಕೆಳಗಿನದು ಸರಿಯಾಗಿ ಅದು ಮೇಲಿನ ಪಾಠಕ್ಕೆ ತಲುಪಲು ಇನ್ನೊಂದು ಪರೀಕ್ಷೆಯಾದರೂ ಬೇಕು. ಅಲ್ಲಿಯವರೆಗೆ ಮಾರ್ಕ್ಸ್ ಬಿಟ್ಟು ಈ ನೋಟ್‌ಬುಕ್ ನೋಡಿ.

ಮನೆಯಲ್ಲಿ ಯಾರಿಗೂ ಸಮಯವೇ ಇಲ್ಲ, ಇಬ್ಬರೂ ಮನೆಗೆ ಬರುವುದು ರಾತ್ರಿ ಅಂದರೆ ಟ್ಯೂಷನ್ ಹಾಕಿ, ತಪ್ಪೇನಿಲ್ಲ. ಆದರೆ ಆಯ್ಕೆ ಮಾಡುವಾಗ ಮೂರು ವಿಷಯ ಕೇಳಿ: ಬ್ಯಾಚಿನಲ್ಲಿ ಎಷ್ಟು ಮಕ್ಕಳು, ಕೆಳಗಿನ ಕ್ಲಾಸಿನ ವಿಷಯ ಹೇಳಿಕೊಡುತ್ತೀರಾ, ತಿಂಗಳಿಗೊಮ್ಮೆ ಏನು ಬರುತ್ತೆ ಏನು ಬರಲ್ಲ ಅಂತ ನನಗೆ ಹೇಳುತ್ತೀರಾ. "ಹೋಮ್‌ವರ್ಕ್ ಎಲ್ಲ ಮುಗಿಸಿ ಕಳಿಸ್ತೀವಿ" ಅನ್ನುವ ಕಡೆ ಸೇರಿಸಬೇಡಿ. ಹೋಮ್‌ವರ್ಕ್ ಮುಗಿಯುತ್ತದೆ, ಸಿಕ್ಕಿಕೊಂಡ ಜಾಗ ಹಾಗೇ ಇರುತ್ತದೆ. ವರ್ಷದ ಫೀಸು ಒಟ್ಟಿಗೆ ಕೇಳುವವರು, ಮನೆಗೆ ಬಂದು ಟ್ಯಾಬ್ ಸಮೇತ ಮೂರು ವರ್ಷದ ಪ್ಯಾಕೇಜ್ ಮಾರುವವರು, ಇಎಂಐ ಅನ್ನುವವರು ಬಂದರೆ ಬಾಗಿಲಲ್ಲೇ ಮಾತು ಮುಗಿಸಿ.

ಹಂತ 8: ಇಷ್ಟಾದರೂ ಸರಿಹೋಗದಿದ್ದರೆ

ಕೆಲವು ಮಕ್ಕಳು ಮಾತಿನಲ್ಲಿ ಚುರುಕು, ಕಥೆ ಹೇಳಿದರೆ ಎಲ್ಲ ನೆನಪಿಟ್ಟುಕೊಳ್ಳುತ್ತವೆ, ಓದಲು ಬರೆಯಲು ಕೂತರೆ ಮಾತ್ರ ಆಗುವುದಿಲ್ಲ. ಮೂರನೇ ಕ್ಲಾಸು ದಾಟಿದರೂ ಅಕ್ಷರ ತಿರುಗಾಮುರುಗಾ, ಒಂದೇ ಪದವನ್ನು ಒಂದೇ ಪುಟದಲ್ಲಿ ಮೂರು ರೀತಿ ಬರೆಯುವುದು, ಬೋರ್ಡಿನಿಂದ ನೋಡಿ ಬರೆಯಲು ಬಹಳ ಹೊತ್ತು. ಇದು ನಿರ್ದಿಷ್ಟ ಕಲಿಕಾ ತೊಂದರೆ ಇರಬಹುದು. ಬುದ್ಧಿ ಸರಿಯಾಗೇ ಇದ್ದು, ಓದು, ಬರಹ ಅಥವಾ ಲೆಕ್ಕವನ್ನು ಮಿದುಳು ಗ್ರಹಿಸುವ ರೀತಿಯಲ್ಲಿ ಮಾತ್ರ ವ್ಯತ್ಯಾಸ ಇರುವುದು. ಓದಿನದಾದರೆ ಡಿಸ್‌ಲೆಕ್ಸಿಯಾ, ಬರವಣಿಗೆಯದಾದರೆ ಡಿಸ್‌ಗ್ರಾಫಿಯಾ, ಲೆಕ್ಕದ್ದಾದರೆ ಡಿಸ್‌ಕ್ಯಾಲ್ಕುಲಿಯಾ ಅನ್ನುತ್ತಾರೆ.

ನೀವೇ ಹಣೆಪಟ್ಟಿ ಹಚ್ಚಬೇಡಿ, ಯೂಟ್ಯೂಬ್ ನೋಡಿ ನಿರ್ಧರಿಸಬೇಡಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗ ಇದೆ, ಅಲ್ಲಿ ಇದಕ್ಕೆ ಪರೀಕ್ಷೆ ಮಾಡುತ್ತಾರೆ. ನಿಮ್ಹಾನ್ಸ್ ಅಂದ ತಕ್ಷಣ "ನಮ್ಮ ಮಗುವಿಗೆ ಹುಚ್ಚಾ?" ಅಂತ ಮನೆಯಲ್ಲಿ ಯಾರಾದರೂ ಅಂದೇ ಅನ್ನುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಮಗುವಿಗೆ ಎಂಟು ವರ್ಷ ಆಗುವ ಮುಂಚೆ ಸಾಮಾನ್ಯವಾಗಿ ಖಚಿತವಾಗಿ ಹೇಳುವುದಿಲ್ಲ, ಅಲ್ಲಿಯ ತನಕ ಓದಿಸುವ ಅಭ್ಯಾಸ ಮುಂದುವರಿಸಿ. ಹೋಗುವಾಗ ನಿಮ್ಮ ಆ ನೋಟ್‌ಬುಕ್, ಶಾಲೆಯ ಪತ್ರಿಕೆಗಳು ಕೈಯಲ್ಲಿರಲಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಇದೂ ಸೇರಿದೆ. ಪ್ರಮಾಣಪತ್ರ ಸಿಕ್ಕರೆ ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ಸಹಾಯದಂಥ ಸೌಲಭ್ಯ ಕೇಳಬಹುದು. ಹತ್ತನೇ ಕ್ಲಾಸಿನ ಡಿಸೆಂಬರ್‌ನಲ್ಲಿ ಓಡಾಡಬೇಡಿ, ಒಂಬತ್ತಕ್ಕೆ ಬಂದ ಕೂಡಲೇ ಶಾಲೆಗೆ ತಿಳಿಸಿ.

ಹತ್ತನೇ ಕ್ಲಾಸಿನವರಿಗೆ

ಇಲ್ಲಿ ಸಮಯ ಕಡಿಮೆ, ಹಾಗಾಗಿ ಕ್ರಮ ಸ್ವಲ್ಪ ಬೇರೆ. ಎಸ್ಸೆಸ್ಸೆಲ್ಸಿ ಒಟ್ಟು 625 ಅಂಕ: ಪ್ರಥಮ ಭಾಷೆ 125, ಉಳಿದ ಐದು ವಿಷಯ ತಲಾ 100. ಇದರಲ್ಲಿ ಪ್ರಥಮ ಭಾಷೆಗೆ 25, ಉಳಿದವಕ್ಕೆ 20 ಅಂಕ ಶಾಲೆಯಲ್ಲೇ ಕೊಡುವ ಆಂತರಿಕ ಅಂಕ. ಅದನ್ನು ವರ್ಷದ ಮೊದಲಿನಿಂದಲೇ ಕೈಬಿಡಬೇಡಿ. ಪರೀಕ್ಷಾ ಮಂಡಳಿಯ ವೆಬ್‌ಸೈಟಿನ ಮಾದರಿ ಪ್ರಶ್ನೆಪತ್ರಿಕೆ ಇಳಿಸಿಕೊಂಡು, ಮೂರು ಗಂಟೆ ಗಡಿಯಾರ ಇಟ್ಟು ಬರೆಸಿ, ಹಂತ 3ರ ಹಾಗೆ ತಪ್ಪುಗಳನ್ನು ವಿಂಗಡಿಸಿ. ಗೊತ್ತಿದ್ದೂ ತಪ್ಪಾಗುತ್ತಿರುವುದನ್ನು ಮೊದಲು ಸರಿ ಮಾಡಿ, ಆಮೇಲೆ ಹೊಸದು. ಗಣಿತದಲ್ಲಿ ಎಲ್ಲ ಅಧ್ಯಾಯಕ್ಕೂ ಕೈ ಹಾಕಲು ಆಗದಿದ್ದರೆ ಯಾವುದರಿಂದ ಶುರು ಮಾಡುವುದು ಅಂತ ಶಾಲೆಯ ಗಣಿತದ ಟೀಚರನ್ನೇ ಕೇಳಿ, ನಿಮ್ಮ ಮಗುವನ್ನು ನೋಡಿ ಅವರು ಹೇಳುವಷ್ಟು ನಿಖರವಾಗಿ ಯಾವ ಗೈಡೂ ಹೇಳುವುದಿಲ್ಲ.

ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಇದೆ. ಪಾಸಾದವರೂ ಮತ್ತೆ ಬರೆದು ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಬಹುದು. ಇದನ್ನು ಮಗುವಿಗೆ ಈಗಲೇ ಹೇಳಿ, ಭಯ ಸ್ವಲ್ಪ ಇಳಿಯುತ್ತದೆ. ಊಟ ಬಿಡುವುದು, ನಿದ್ದೆ ಬರದಿರುವುದು, ಬದುಕೇ ಬೇಡ ಅನ್ನುವಂಥ ಮಾತು ಬಂದರೆ ಪುಸ್ತಕ ಪಕ್ಕಕ್ಕಿಟ್ಟು ಅವತ್ತೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.